ಹಾವಿನಲ್ಲಿ ಹಾವಿನ ಭ್ರಾಂತಿ

ಮುಂಗಾರಿನ ಮೊದಲೆರಡು ಮಳೆ ಬಿದ್ದು, ಕೂಡ್ಲಿಗಿಯ ಕಲ್ಲುಗುಡ್ಡಗಳ ಬುಡದ ಕೆಮ್ಮಣ್ಣು ಹದಗೊಂಡು, ಶೇಂಗಾ ಬಿತ್ತನೆಗೆಂದು ರೈತರು ಹೊಲ ಹಸನುಮಾಡುವ ದಿನಗಳಲ್ಲಿ, ಕೊರಳಿಗೊಂದು ದುರ್ಬೀನನ್ನು ತೂಗುಹಾಕಿಕೊಂಡು, ಕಿಸೆಯಲ್ಲೊಂದು ಚಿಕ್ಕ ಪುಸ್ತಕವನ್ನಿಟ್ಟುಕೊಂಡು, ಬೇಲಿಯ ಮಗ್ಗುಲಲ್ಲಿ ಮೆಲ್ಲಮೆಲ್ಲನೆ ನಡೆಯುವುದು ಅನೇಕ ವರ್ಷಗಳಿಂದ ನನಗೆ ಒಲಿದು ಬಂದ ಹವ್ಯಾಸ. ಪಕ್ಷಿಪ್ರಿಯರು ಹಗರಿಬೊಮ್ಮನಹಳ್ಳಿಯ ಕಡೆ ಅಂಕಸಮುದ್ರದ ಕೆರೆಗೆ ಹೋಗುತ್ತಾರೆ. ಕರಡಿಯನ್ನು ಕಾಣಬಯಸುವವರು ಗುಡೇಕೋಟೆಯ ಬಂಡೆಗಳತ್ತ ಮುಖಮಾಡುತ್ತಾರೆ. ನಾನು ನೋಡಹೋಗುವುದು ಹಾವುಗಳನ್ನು. ಹಿಡಿಯುವುದಕ್ಕಲ್ಲ, ಮುಟ್ಟುವುದಕ್ಕೂ ಅಲ್ಲ. ದೂರದಲ್ಲಿ ನಿಂತು ನೋಡಿ, ಗುರುತಿಸಿ, ಹೆಸರು ಬರೆದುಕೊಂಡು ಬರುವುದಕ್ಕೆ.

ಈ ಹವ್ಯಾಸದ ಪರಮಸುಖವನ್ನು ನಾನು ಅನುಭವಿಸಿದ್ದು ಹೂವಿನಹಡಗಲಿಯ ಒಂದು ಮಲ್ಲಿಗೆ ತೋಟದ ಅಂಚಿನಲ್ಲಿ. ಹೆಣ್ಣುಮಕ್ಕಳು ಮಡಿಲು ಕಟ್ಟಿಕೊಂಡು ಮೊಗ್ಗು ಬಿಡಿಸುತ್ತಿದ್ದ ಆ ನಸುಕಿನಲ್ಲಿ ಬೇಲಿಯ ಬಳ್ಳಿಯೊಂದು, ಗಾಳಿ ನಿಂತ ಮೇಲೂ, ತೂಗುವುದನ್ನು ನಿಲ್ಲಿಸಲಿಲ್ಲ. ದಿಟ್ಟಿಸಿ ನೋಡಿದೆ: ಬಳ್ಳಿಯಲ್ಲ, ಹಸಿರು ಹಾವು. ಎಳೆಯ ಗರಿಕೆಯ ವರ್ಣ, ಬರೆಯುವ ಸೀಸದಕಡ್ಡಿಯಂತೆ ಚೂಪಾದ ಮೂತಿ, ಆ ಮೂತಿಯ ಇಕ್ಕೆಲಗಳಲ್ಲಿಯೂ ಕಣ್ಣಿನಿಂದ ಮುಂದಕ್ಕೆ ಕೊರೆದಂತಿರುವ ಸಣ್ಣ ಕಾಲುವೆ, ಕಣ್ಣೊಳಗೆ ಅಡ್ಡಲಾಗಿ ಮಲಗಿದ ಕಪ್ಪು ಪಾಪೆ. ಆ ಕಾಲುವೆಯ ಗುಂಟ ಎರಡು ಕಣ್ಣುಗಳ ದೃಷ್ಟಿಯೂ ಮುಂದೆ ಒಂದೆಡೆ ಕೂಡುವುದರಿಂದಲೇ ಎಲೆಯ ಮೇಲಿನ ಓತಿ ಎಷ್ಟು ದೂರದಲ್ಲಿದೆಯೆಂಬುದನ್ನು ಅದು ತಪ್ಪದೆ ಅಳೆಯಬಲ್ಲುದು. ನಾನು ಒಂದು ಹೆಜ್ಜೆ ಮುಂದಿಟ್ಟೆನೋ ಇಲ್ಲವೋ, ಮೈಯನ್ನು ಉಬ್ಬಿಸಿತು. ಹಸುರು ಹುರುಪೆಗಳ ಸಂದಿನಿಂದ ಕಪ್ಪುಬಿಳಿಯ ಚೌಕುಳಿ ಚಿತ್ತಾರ ಥಟ್ಟನೆ ಹೊರಹೊಮ್ಮಿತು.

“ಬ್ಯಾಡ್ರಿ ಮೇಷ್ಟ್ರೇ, ಹತ್ರ ಹೋಗಬ್ಯಾಡ್ರಿ, ಅದು ಕಣ್ಣಿಗೇ ಕುಕ್ಕತೈತಿ!” ಎಂದು ಹಿರಿಯಳೊಬ್ಬಳು ಕೂಗಿದಳು.

“ಕಣ್ಣು ಹುಡುಕ್ಕೊಂಡು ಬರೋದಿಲ್ಲವ್ವಾ. ಮುಖ ಒಯ್ದು ಮುಂದಿಟ್ಟರೆ ಮಾತ್ರ ಮುಖಕ್ಕೆ ಹೊಡೆದೀತು, ಅಷ್ಟೆ” ಎಂದೆ.

ಆಕೆಯ ಭಯ ಆಕೆಯೊಬ್ಬಳದಲ್ಲ. ವಿಜ್ಞಾನಿಗಳು ಈ ಹಾವಿನ ಕುಲಕ್ಕೆ ಇಟ್ಟಿರುವ ಅಹೈತುಲ್ಲ ಎಂಬ ನಾಮಧೇಯವೂ ಸಿಂಹಳ ಭಾಷೆಯಿಂದ ಬಂದುದೇ. ಕಣ್ಣು ಕೀಳುವುದೆಂಬುದೇ ಅದರ ಅರ್ಥ. ಸಮುದ್ರದಾಚೆಯ ರೈತನೂ ಹಡಗಲಿಯ ಹೂವಾಡಗಿತ್ತಿಯೂ ಒಂದೇ ಶಂಕೆಯನ್ನು ಕಟ್ಟಿಕೊಂಡು ಬಂದಿದ್ದಾರೆ.

ಹಾಗಾದರೆ ಅದು ನಿರ್ವಿಷವೇ ಎಂದು ಕೇಳಿದರೆ, ಅಲ್ಲವೆಂದೇ ಹೇಳಬೇಕು. ನಾಗರಹಾವಿನ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿದ್ದು ಒಳಗೆ ಟೊಳ್ಳಾಗಿರುತ್ತದೆ. ಹಸಿರು ಹಾವಿನದು ಮೇಲ್ದವಡೆಯ ಹಿಂಭಾಗದಲ್ಲಿ, ಹೊರಗೊಂದು ಗೀರು ಮಾತ್ರವುಳ್ಳದ್ದು. ಕಚ್ಚಿ ಹಿಡಿದು ಅಗಿದಾಗಲಷ್ಟೆ ಆ ಗೀರಿನ ಗುಂಟ ವಿಷವು ಒಸರೀತು. ಓತಿಯನ್ನು ನಿಶ್ಚೇಷ್ಟಗೊಳಿಸಲು ಅಷ್ಟೇ ಸಾಕು, ಮನುಷ್ಯನಿಗೆ ಸಾಮಾನ್ಯವಾಗಿ ಕಚ್ಚಿದೆಡೆಯಲ್ಲಿ ಬಾವು, ನೋವು, ಜೋಮು ಕಾಣಿಸಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಉತ್ತರ ಅಮೆರಿಕದಲ್ಲಿ ಹೀಗೆಯೇ ಹಿಂದವಡೆಯ ಹಲ್ಲುಳ್ಳ, ಹಂದಿಯಂತೆ ಮೂತಿ ಮೇಲಕ್ಕೆತ್ತಿದ ಹಾಗ್‌ನೋಸ್ ಎಂಬ ಹಾವುಂಟು. ಕಪ್ಪೆಗಳೇ ಅದರ ಮುಖ್ಯಾಹಾರ. ಅದರ ಕಡಿತವೂ ಬಹುಮಟ್ಟಿಗೆ ಬಾವಿನಲ್ಲಿಯೇ ಮುಗಿಯುವಂಥದು. ಮೊದಲು ನಾಗರನಂತೆ ಕೊರಳನ್ನು ಅಗಲಿಸಿ ಬುಸುಗುಟ್ಟುತ್ತದೆ. ಎದುರಾಳಿ ಹೆದರದಿದ್ದರೆ ಅಂಗಾತ ಮಗುಚಿ, ನಾಲಗೆ ಹೊರಚಾಚಿ ಸತ್ತಂತೆ ಬೀಳುತ್ತದೆ. ಯಾರಾದರೂ ನೆಟ್ಟಗೆ ಮಲಗಿಸಿದರೆ ಸತ್ತವರು ಅಂಗಾತವೇ ಇರಬೇಕೆಂಬಂತೆ ಮತ್ತೆ ಮಗುಚಿಕೊಳ್ಳುತ್ತದೆ. ಕೊಲ್ಲಲು ಅಸಮರ್ಥವಾದ ಜೀವವೊಂದು ಬದುಕಲೋಸುಗ ಕಲಿತಿರುವ ಕಲೆಯಿದು.

ಆದರೂ ಹಿಂದವಡೆಯ ಹಲ್ಲುಗಳೆಲ್ಲ ಸೌಮ್ಯವೆಂಬ ನಿರ್ಧಾರಕ್ಕೆ ಬರಲಾಗದು. 1957ರ ಸೆಪ್ಟೆಂಬರಿನಲ್ಲಿ ಷಿಕಾಗೊ ನಗರದ ಉರಗತಜ್ಞ ಕಾರ್ಲ್ ಸ್ಮಿಟ್ ಅವರನ್ನು ಆಫ್ರಿಕದ ಬೂಮ್‌ಸ್ಲಾಂಗಿನ ಮರಿಯೊಂದು ಕಚ್ಚಿತು. ಅದೂ ಹಿಂದವಡೆಯಲ್ಲಿ ವಿಷದ ಹಲ್ಲುಳ್ಳದ್ದೇ. ಹಾವುಗಳ ಅಧ್ಯಯನಕ್ಕೆ ಆಯುಷ್ಯವನ್ನೇ ಸವೆಸಿದ ಆ ಪಂಡಿತರು ತಮ್ಮ ದೇಹದಲ್ಲಿ ಕಂಡ ಲಕ್ಷಣಗಳನ್ನು ಗಳಿಗೆಗಳಿಗೆಗೂ ಬರೆದಿಡುತ್ತ ಮರುದಿನವೇ ತೀರಿಕೊಂಡರು. ಸೌಮ್ಯವೆಂಬ ವಿಶೇಷಣ ಒಂದೊಂದು ಜಾತಿಯೂ ತಾನೇ ಗಳಿಸಿಕೊಳ್ಳತಕ್ಕದ್ದು. ಇಡೀ ವರ್ಗಕ್ಕೆ ಹಂಚತಕ್ಕದ್ದಲ್ಲ.

ನಮ್ಮ ಸೀಮೆಯಲ್ಲಿ ಈ ವಿವೇಕದ ಪರೀಕ್ಷೆ ನಡೆಯುವುದು ರಾತ್ರಿಯ ಹೊತ್ತು. ಕೊಟ್ಟೂರಿನ ಸಮೀಪ ಹೊಲದ ಬದುವಿನ ಕಲ್ಲುಗುಪ್ಪೆಯ ಬಳಿ ಸುರುಳಿ ಸುತ್ತಿ ಬಾಲ ಅದುರಿಸುತ್ತಿದ್ದ ಹಾವೊಂದರ ಮೇಲೆ ರೈತನೊಬ್ಬ ಬಡಿಗೆಯೆತ್ತಿ ನಿಂತಿದ್ದ. “ಮಂಡಲದ ಹಾವೈತ್ರಿ” ಎಂದ. ಹತ್ತಡಿ ದೂರದಿಂದ ಬ್ಯಾಟರಿಯ ಬೆಳಕು ಬಿಟ್ಟೆವು. ಮೈಬಣ್ಣ ಕಂದು, ಬೆನ್ನ ಮೇಲೆ ಅಂಕುಡೊಂಕಿನ ಗೆರೆ, ಅಗಲವಾದ ತಲೆ, ಕಣ್ಣಿನ ಪಾಪೆ ನಿಲುಗೀರು. ಇವಿಷ್ಟೂ ಗರಗಸ ಮಂಡಲಕ್ಕೂ ಸಲ್ಲುವ ಲಕ್ಷಣಗಳೇ. ಆದರೆ ಮೈ ಹಗ್ಗದಂತೆ ತೆಳ್ಳಗೆ ನೀಳವಾಗಿತ್ತು, ಕೊರಳು ಬಹಳ ಸಪೂರ, ಹುರುಪೆ ನುಣುಪು. ಗರಗಸ ಮಂಡಲವಾದರೋ ಗಿಡ್ಡ, ದಪ್ಪ. ಅದರ ಹುರುಪೆಗಳ ಮೇಲೆ ಏಣು, ನೆತ್ತಿಯ ಮೇಲೆ ಹಕ್ಕಿಯ ಹೆಜ್ಜೆಯಂಥ ಗುರುತು. ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂತೆ ಸದ್ದುಮಾಡುತ್ತದೆ. ನಮ್ಮೆದುರಿಗಿದ್ದುದು ಬೆಕ್ಕುಹಾವು, ಓತಿಗಳನ್ನು ಹುಡುಕಿ ಹೊರಟ ಸೌಮ್ಯವಿಷದ ನಿಶಾಚರಿ. ಬಡಿಗೆ ಕೆಳಗಿಳಿಯಿತು.

ಹಗ್ಗದಲ್ಲಿ ಹಾವನ್ನು ಕಾಣುವ ಭ್ರಾಂತಿಯನ್ನು ವೇದಾಂತಿಗಳು ದೃಷ್ಟಾಂತವಾಗಿ ಹೇಳುತ್ತ ಬಂದಿದ್ದಾರೆ. ಹಾವಿನಲ್ಲಿ ಮತ್ತೊಂದು ಹಾವನ್ನು ಕಾಣುವ ಭ್ರಾಂತಿ ಅದಕ್ಕಿಂತ ದಾರುಣವಾದುದು. ಬೆಕ್ಕುಹಾವನ್ನು ಮಂಡಲವೆಂದು ಬಗೆದರೆ ನಿರಪರಾಧಿಯಾದ ಜೀವವೊಂದು ಹೋಗುತ್ತದೆ; ಮಂಡಲವನ್ನು ಬೆಕ್ಕುಹಾವೆಂದು ಬಗೆದರೆ ಮನೆಯ ಯಜಮಾನನೇ ಹೋಗುತ್ತಾನೆ. ಹಾವಿನ ಕಡಿತದಿಂದ 2000ದಿಂದ 2019ರವರೆಗೆ ಭಾರತದಲ್ಲಿ ವರುಷಕ್ಕೆ ಸರಾಸರಿ 58,000 ಜನ ಸತ್ತರೆಂದು ಅಂದಾಜು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡಬೇಕೆಂದು ವಿಧಿಸಿತು. ಆದಕಾರಣ, ಕಚ್ಚಿದ ಹಾವು ಯಾವುದೆಂದು ತರ್ಕಿಸುತ್ತ ಕೂರದೆ, ಕಟ್ಟದೆ, ಕೊಯ್ಯದೆ, ಮಂತ್ರಕ್ಕೆ ಕಾಯದೆ, ನೇರ ಆಸ್ಪತ್ರೆಗೆ ಹೋಗತಕ್ಕದ್ದು. ನನ್ನ ಹವ್ಯಾಸದ ವಿದ್ಯೆ ಕಡಿತಕ್ಕೆ ಮೊದಲು ಉಪಯೋಗಕ್ಕೆ ಬರುವಂಥದು. ಕಡಿತದ ಮೇಲೆ ವೈದ್ಯರ ವಿದ್ಯೆಯೇ ಗತಿ.

ಆ ರಾತ್ರಿ ಬೆಕ್ಕುಹಾವು ಸುರುಳಿ ಬಿಚ್ಚಿ ಜಾಲಿಯ ಬೊಡ್ಡೆಯನ್ನೇರಿ ಮುಳ್ಳುಗಳ ನಡುವೆ ಮರೆಯಾಯಿತು. ರೈತನು ಬಡಿಗೆಯನ್ನು ಊರಿಕೊಂಡು ಬಹಳ ಹೊತ್ತು ಆ ಮರವನ್ನೇ ನೋಡುತ್ತಿದ್ದು, “ಏನಂದ್ರಿ ಅದರ ಹೆಸರು?” ಎಂದು ಕೇಳಿದ. ಹೇಳಿದೆ. ಮರೆಯದಿರಲೆಂದು ತನ್ನಷ್ಟಕ್ಕೆ ತಾನೇ ಎರಡು ಸಲ ಅಂದುಕೊಂಡ.