ಪಂಚೆ, ಚಿಲಕ, ಬೆಂಗಳೂರು

ಜುಲೈ 17, 2024, ಬುಧವಾರ. ಉಚ್ಚಂಗಿದುರ್ಗ

ಮೊಹರಂ ರಜೆ. ರಾತ್ರಿ ದಾವಣಗೆರೆಯಿಂದ ಬಸ್ಸು. ನಾಳೆ ಅಪ್ಪನನ್ನು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತೋರಿಸಬೇಕು. ಬೆಳಗಿನಿಂದ ಮನೆಗೆ ಬಂದವರೆಲ್ಲ ಬುದ್ಧಿ ಹೇಳಿಹೋದರು. ಸರ ಬಿಚ್ಚಿಡು, ಬಸ್ಸಲ್ಲಿ ಯಾರು ಬಿಸ್ಕತ್ತು ಕೊಟ್ಟರೂ ತಿನ್ನಬೇಡ, ಮೆಜೆಸ್ಟಿಕ್‌ನಲ್ಲಿ ಚೀಲ ಕೆಳಗಿಡಬೇಡ. ಚಿಕ್ಕಮ್ಮ ಮಾರ್ಚ್ 1ರ ರಾಮೇಶ್ವರಂ ಕೆಫೆ ಸ್ಫೋಟವನ್ನು ತಾನೇ ಕಂಡವಳ ಹಾಗೆ ಬಣ್ಣಿಸಿದಳು. ಇವರಲ್ಲಿ ಅರ್ಧ ಜನ ಬೆಂಗಳೂರು ನೋಡಿಲ್ಲ. ಅವ್ವ ಮಾತ್ರ ತುಟಿ ಬಿಚ್ಚದೆ ಅಪ್ಪನ ಬನಿಯನ್ನಿಗೆ ಒಳಜೇಬು ಹೊಲಿದು, ಬಾಯಿಗೆ ಪಿನ್ನು ಹಾಕಿಕೊಟ್ಟಳು.

ಜುಲೈ 18, ಗುರುವಾರ. ಗಾಂಧಿನಗರ, ರಾತ್ರಿ

ಬೆಳಗಿನ ಜಾವ ಇಳಿದಾಗಲೇ ಮೆಜೆಸ್ಟಿಕ್ ತುಂಬ ಜನ. "ರೂಮ್ ಬೇಕಾ ಅಕ್ಕಾ?" ಅನ್ನುತ್ತ ಒಬ್ಬ ಬೆನ್ನು ಬಿದ್ದ. ಪೊಲೀಸಿನವರು ನಿಂತಿದ್ದ ಕಡೆ ತಿರುಗಿದ್ದೇ ತಡ, ಮಾಯ. ಲಾಡ್ಜಿನವನು ಇಬ್ಬರ ಆಧಾರ್ ನೋಡಿ ರಿಜಿಸ್ಟರಿಗೆ ಬರೆದುಕೊಂಡ, ಒಳ್ಳೆಯದೇ. ಆದರೆ ರೂಮಿನ ಚಿಲಕಕ್ಕೆ ಇದ್ದದ್ದು ಎರಡೇ ಸ್ಕ್ರೂ. ತಳ್ಳಿದರೆ ಕದ ಬೆರಳಗಲ ಸರಿಯುತ್ತಿತ್ತು. ಬೇರೆ ರೂಮು ಕೇಳಿದೆ, ಗೊಣಗುತ್ತ ಕೊಟ್ಟ. 112ಕ್ಕೆ ಫೋನ್ ಮಾಡಬಹುದು, ನಿಜ. ಅವರು ಬರುವ ತನಕ ಚಿಲಕವೇ ಗತಿ.

ಆಸ್ಪತ್ರೆಯಲ್ಲಿ ಪರೀಕ್ಷೆಗಳು ಮುಗಿದವು. ರಿಪೋರ್ಟ್ ನಾಳೆ.

ಸಂಜೆ ಕೌಂಟರಿನ ಟಿವಿಯಲ್ಲಿ ಒಂದೇ ಸುದ್ದಿ. ಮೊನ್ನೆ ಮಾಗಡಿ ರಸ್ತೆಯ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ಬಾಗಿಲಲ್ಲೇ ತಡೆದಿದ್ದಾರೆ, ಟಿಕೆಟ್ ಇದ್ದರೂ. ಏಳು ದಿನ ಮಾಲ್ ಮುಚ್ಚಿಸುವುದಾಗಿ ಸಚಿವರು ಇವತ್ತು ಸದನದಲ್ಲಿ ಹೇಳಿದರಂತೆ. ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೋದಲ್ಲೂ ಬಟ್ಟೆ ಕೊಳೆಯೆಂದು ಒಬ್ಬ ರೈತನನ್ನು ಒಳಗೆ ಬಿಟ್ಟಿರಲಿಲ್ಲ. ತಡೆದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು.

ರೂಮಿಗೆ ಬಂದ ಮೇಲೆ ಅಪ್ಪ ಕೇಳಿದ, "ನಾ ಒಂದ್ ಪ್ಯಾಂಟ್ ತರಬೇಕಿತ್ತೇನವ್ವ?"

ಕಳ್ಳರ ಬಗ್ಗೆ ಅಷ್ಟು ಬುದ್ಧಿ ಹೇಳಿದವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತ ಗಾರ್ಡ್‌ನ ಅಪ್ಪನೂ ಊರಲ್ಲಿ ಪಂಚೆಯಲ್ಲೇ ಇದ್ದಾನು. ನಿಯಮ ಮಾಡಿದವರು ಬಾಗಿಲಲ್ಲಿ ನಿಲ್ಲುವುದಿಲ್ಲ.

ಜುಲೈ 19, ಶುಕ್ರವಾರ

ಬಸ್‌ಸ್ಟಾಪಿನಲ್ಲಿ ಗಂಗಾವತಿ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಳು. ಗಂಡ ಆಸ್ಪತ್ರೆಯಲ್ಲಿ, ಇವಳು ರಾತ್ರಿ ಹೊರಗೆ ಚಾಪೆಯ ಮೇಲೆ. ಚೀಲದ ಹಿಡಿಗೆ ಸೆರಗಿನ ತುದಿ ಗಂಟು ಹಾಕಿದ್ದಳು. ಅಂಜಿಕೆ ಆಗಲ್ವಾ ಅಂದೆ. "ಲೈಟ್ ಆರಂಗಿಲ್ಲ, ಚಾ ಮಾರಾವ ಎದ್ದೇ ಇರ್ತಾನ್ರೀ. ಊರಾಗಿನ ಕತ್ತಲಕ್ಕಿಂತ ಇದ ಚೊಲೋ."

ಬೆಳಕನ್ನು ನಾನು ಅವಳಷ್ಟು ನಂಬಲಾರೆ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆಯಲ್ಲಿ ದೀಪವಿತ್ತು, ಜನರಿದ್ದರು, ಪೊಲೀಸರೂ ಇದ್ದರು. ಮೈಮೇಲೆ ಕೈ ಹಾಕಿದರೆಂದು ಹೆಣ್ಣುಮಕ್ಕಳು ಅತ್ತಿದ್ದು ಅಲ್ಲೇ. ಆದರೂ ಎದ್ದಿರುವ ಆ ಚಹಾದವನು ದೊಡ್ಡ ಧೈರ್ಯ, ಒಪ್ಪುತ್ತೇನೆ.

ಜುಲೈ 21, ಭಾನುವಾರ. ಉಚ್ಚಂಗಿದುರ್ಗ

"ಏನೂ ಆಗ್ಲಿಲ್ವಾ?" ಎಂದು ಕೇಳುವವರ ದನಿಯಲ್ಲಿ ಸ್ವಲ್ಪ ನಿರಾಸೆಯೇ ಇದೆ. ನಮ್ಮ ಊರಿನಷ್ಟು ಕ್ಷೇಮ ಎಲ್ಲಿದೆ ಬಿಡು, ಅಂದಳು ಚಿಕ್ಕಮ್ಮ. ಗುಡ್ಡ ತೋರಿಸಿದೆ. ದೇವದಾಸಿ ಪದ್ಧತಿ ನಿಷೇಧಿಸಿ 1982ರಲ್ಲೇ ಕಾಯ್ದೆ ಬಂತು. ಆದರೂ ಭರತ ಹುಣ್ಣಿಮೆ ಬಂತೆಂದರೆ ಗುಡ್ಡದ ಮೇಲಿನ ಉಚ್ಚಂಗೆಮ್ಮನ ಸನ್ನಿಧಿಯಲ್ಲಿ ಹುಡುಗಿಯರಿಗೆ ಮುತ್ತು ಕಟ್ಟದಂತೆ ಪೊಲೀಸರು, ಅಧಿಕಾರಿಗಳು ಕಾವಲಿರಬೇಕು. ಆ ಹುಡುಗಿಯರನ್ನು ಗುಡ್ಡ ಹತ್ತಿಸಿದವರು ಮೆಜೆಸ್ಟಿಕ್‌ನ ದಲ್ಲಾಳಿಗಳಲ್ಲ, ಹೆತ್ತವರು.

"ಅದು ಬೇರೆ," ಅಂದಳು.

ಹೇಗೆ ಬೇರೆ ಅಂದಿದ್ದಕ್ಕೆ, ಮುಂದಿನ ಸಲ ತಾನೂ ಬರುತ್ತಾಳಂತೆ, ಮೆಟ್ರೋ ಹತ್ತಬೇಕಂತೆ.