ಗರಿಯ ಜಿಗಣೆ

ಮಲೆನಾಡಿನವರಿಗೆ ಕಾಡಿನ ಇಂಬಳ ಬೇರೆ, ಗದ್ದೆಯ ಜಿಗಣೆ ಬೇರೆ. ಇಂಬಳ ತರಗೆಲೆಯ ಮೇಲೆ ಗೇಣು ಹಾಕುತ್ತಾ ಬರುತ್ತದೆ, ಜಿಗಣೆ ನೀರಿನಲ್ಲಿ ಈಜುತ್ತದೆ. ಎರಡಕ್ಕೂ ನಮ್ಮಲ್ಲಿ ಸಿಗುತ್ತಿದ್ದ ಮರ್ಯಾದೆ ಮಾತ್ರ ಒಂದೇ: ಸುಣ್ಣ, ಇಲ್ಲವೇ ಉಪ್ಪು. ಇಂಥದ್ದನ್ನು ಕೂತು ಪ್ರೀತಿಯಿಂದ ತಯಾರಿಸುವವರೂ ಇದ್ದಾರೆಂದು ತಿಳಿದದ್ದು ಕೆನಡಾದಲ್ಲಿ.

ಪ್ರಾಜೆಕ್ಟ್ ಕೆಲಸಕ್ಕೆಂದು ಪುಣೆಯಿಂದ ವ್ಯಾಂಕೂವರಿಗೆ ಹೋಗಿದ್ದೆ. ಏಪ್ರಿಲ್ ಕೊನೆಯ ಒಂದು ಶನಿವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ಸುಮಾರು 350 ಕಿ.ಮೀ. ದೂರದ ಕ್ಯಾಮ್ಲೂಪ್ಸ್ ಬಳಿಯ ಸರೋವರಕ್ಕೆ ಕರೆದೊಯ್ದರು. ಆ ಕಡೆಯ ಎಷ್ಟೋ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ರೇನ್‌ಬೋ ಟ್ರೌಟ್ ಮೀನುಗಳನ್ನು ಮನುಷ್ಯರೇ ತಂದು ಬಿಟ್ಟದ್ದು. ಹಿಮ ಕರಗಿ, ಹುಳುಹುಪ್ಪಟೆ ಇನ್ನೂ ಹೆಚ್ಚಾಗದ ದಿನಗಳಲ್ಲಿ ಅವುಗಳಿಗೆ ಜಿಗಣೆ ಒಳ್ಳೆಯ ತುತ್ತು.

ಅವರ ಡಬ್ಬಿಯಲ್ಲಿ ಕಪ್ಪು, ಕಂದು, ಪಾಚಿ ಬಣ್ಣದ ಜಿಗಣೆಗಳಿದ್ದವು. 10ನೇ ನಂಬರಿನ ಗಾಳಕ್ಕೆ ದಾರದಿಂದ ಬಿಗಿದ ಟರ್ಕಿ ಕೋಳಿಯ ಮೆತ್ತನೆಯ ಪುಕ್ಕ, ತಲೆಗೊಂದು ಲೋಹದ ಮಣಿ. ಒಣಗಿದ್ದಾಗ ಅದು ದೀಪ ಒರೆಸಿದ ಬಟ್ಟೆಯ ಚೂರಿನಂತೆ ಕಾಣುತ್ತದೆ. ನೀರಿಗೆ ಬಿದ್ದರೆ ಸಪೂರವಾಗುತ್ತದೆ. ದಾರ ಎಳೆದರೆ ತಲೆ ಎತ್ತುತ್ತದೆ, ಬಿಟ್ಟರೆ ಮಣಿಯ ಭಾರಕ್ಕೆ ತಲೆ ತಗ್ಗಿಸುತ್ತದೆ. ಆ ಏರಿಳಿತವೇ ಅದರ ಜೀವ.

ಗಾಳ ಹಗುರ. ಎಸೆಯಲು ಬೇಕಾದ ಭಾರವೆಲ್ಲ ದಪ್ಪ ದಾರದ್ದೇ. ಆ ವಿದ್ಯೆ ಒಂದು ದಿನಕ್ಕೆ ಬರುವಂಥದ್ದಲ್ಲ. ಅವರು ಎಸೆದು ಕೊಟ್ಟರು, ಎಳೆಯುವುದು ನನ್ನ ಪಾಲಿಗೆ ಬಂತು.

ಎಳೆಯುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನಾಟಿಯ ದಿನಗಳಲ್ಲಿ ಅಪ್ಪಯ್ಯ ಗದ್ದೆಗಿಳಿದು ನೀರು ಕಲಕಿದರೆ ಸಾಕು, ಅಂಚಿನಿಂದ ಜಿಗಣೆ ಹೊರಡುತ್ತಿತ್ತು. ಹಾವಿನಂತೆ ಅಕ್ಕಪಕ್ಕಕ್ಕಲ್ಲ, ರಿಬ್ಬನ್ನಿನಂತೆ ಚಪ್ಪಟೆಯಾಗಿ ಮೇಲೆ ಕೆಳಗೆ ಬಳುಕುತ್ತಾ. ಬದುವಿನ ಮೇಲೆ ಕೂತು ಅಪ್ಪಯ್ಯನ ಕಾಲು ಕಾಯುವುದು ನನ್ನ ಕೆಲಸವಾಗಿತ್ತು. ಎರಡು ಬೆರಳಿನಷ್ಟು ಎಳೆದೆ, ನಿಲ್ಲಿಸಿದೆ, ಮತ್ತೆ ಎಳೆದೆ. ನಾಲ್ಕನೇ ಎಸೆತಕ್ಕೆ ದಾರ ಜಗ್ಗಿತು. ಮೊಣಕೈ ಉದ್ದದ, ಬೆಳ್ಳಿಯಂಥ ಮೀನು. ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿದ್ದರಿಂದ ಸಲೀಸಾಗಿ ಬಿಡಿಸಿ ನೀರಿಗೇ ಬಿಟ್ಟೆವು.

"ಎಲ್ಲಿ ಕಲಿತಿರಿ?" ಎಂದು ಕೇಳಿದರು. "ನಮ್ಮಪ್ಪನ ಗದ್ದೆಯಲ್ಲಿ" ಎಂದೆ. ನಮ್ಮದು ಮೀನು ಸಾಕುವ ಮನೆತನ ಎಂದುಕೊಂಡಿರಬೇಕು. ನಾನು ತಿದ್ದಲಿಲ್ಲ.

ಆ ಗದ್ದೆ ಈಗ ಅಡಿಕೆ ತೋಟ. ನಿಂತ ನೀರಿಲ್ಲ, ಜಿಗಣೆಯೂ ಇಲ್ಲ, ಅಪ್ಪಯ್ಯನೂ ಇಲ್ಲ. ಅವರು ಕೊಟ್ಟ ಒಂದು ಕಪ್ಪು ಜಿಗಣೆ ಪುಣೆಯ ಫ್ಲಾಟಿಗೆ ಬಂತು. ಗಾಳದ ಮೊನೆ ಕತ್ತರಿಸಿ, ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು ಮಗಳಿಗೆ ತೋರಿಸಿದೆ. ಜಿಗಣೆಯನ್ನೇ ಕಾಣದವಳು ಬೇಗ ಬೇಗ ಎಳೆದಳು. ಅವಳ ಬೆರಳು ಹಿಡಿದು ನಿಧಾನ ಮಾಡಿಸಿದೆ. ಪುಕ್ಕ ಬಳುಕಿತು.

"ಅಪ್ಪಾ, ಕಚ್ಚಿದ್ರೆ ನೋಯತ್ತಾ?"

"ಇಲ್ಲ ಪುಟ್ಟಾ, ಕಚ್ಚಿದ್ದು ಗೊತ್ತೇ ಆಗಲ್ಲ. ಬಿಟ್ಟು ಹೋದ ಮೇಲೇ ರಕ್ತ ಕಾಣೋದು."