ಬಿ.ಎಚ್. ರೋಡಿನ ಆ ತುದಿ

ತಿಪಟೂರಿನ ಹತ್ತಿರದ ಹಳ್ಳಿ ನಮ್ಮದು. ತೋಟದ ಬದುವಿನ ಮೇಲೆ ನಿಂತರೆ ಬಿ.ಎಚ್. ರೋಡಿನ ಲಾರಿಗಳ ಸದ್ದು ಕೇಳಿಸುತ್ತೆ. ಬಿ ಅಂದರೆ ಬೆಂಗಳೂರು ಅನ್ನೋದು ಗೊತ್ತಿತ್ತು. ಎಚ್ ಅಂದರೆ ಹೊನ್ನಾವರ ಅಂತ ತಿಳಿದದ್ದು ಮದುವೆಯಾಗಿ ಬಂದ ಮೇಲೆ, ಮಾವನವರಿಂದ. "ಈ ರೋಡ್ ಹಿಡ್ಕಂಡು ಹಿಂಗೇ ಹೋದ್ರೆ ಸಮುದ್ರದ ಮುಂದೆ ಹೋಗಿ ನಿಲ್ತೀಯ ಕಣಮ್ಮ" ಅನ್ನೋರು. ಕೊಬ್ಬರಿ ಚೀಲ ಹಾಕಿಕೊಂಡು ಅದೇ ರೋಡಲ್ಲಿ ತಿಪಟೂರು ಮಾರುಕಟ್ಟೆಗೆ ಎಷ್ಟು ಸಲ ಹೋಗಿದ್ದರೋ ಲೆಕ್ಕವಿಲ್ಲ. ಆ ತುದಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಹಸು, ನೀರು, ಕರೆಂಟು ಅನ್ನೋದರಲ್ಲೇ ಆಯಸ್ಸು ಕಳೆಯಿತು. ಹೋದ ಆಷಾಢದಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಅತ್ತೆ ಹೊಸಿಲು ದಾಟಲಿಲ್ಲ. ಅಟ್ಟದ ತುಂಬ ಮಾವನವರೇ ನಿಂತು ಏರಿಸಿದ್ದ ಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿ ಆಗೋದು ಹಾಗೇ ಅಲ್ಲವೇ? ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಟಕು ಲೊಟಲೊಟ ಅನ್ನಬೇಕು. ಮಾವನವರು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಹೇಳಿಬಿಡೋರು.

ಡಿಸೆಂಬರ್ ಹೊತ್ತಿಗೆ ಕಾಯಿ ಹದಕ್ಕೆ ಬಂದಿತ್ತು. ಇನ್ನೂ ಬಿಟ್ಟರೆ ಕೌಟು ಹಿಡಿಯುತ್ತೆ. ಯಜಮಾನರು ಮೂರು ಸಲ ಕೇಳಿದರು. "ಅವರು ಏರ್ಸಿದ್ದು, ಇರ್ಲಿ ಬಿಡು" ಅಂತ ಅತ್ತೆಯದು ಒಂದೇ ಮಾತು. ಮನೆಯಲ್ಲಿ ಜಗಳವಿಲ್ಲ, ಆದರೆ ಮಾತೂ ಇಲ್ಲ. ರಾತ್ರಿ ಊಟಕ್ಕೆ ಕೂತರೆ ತಟ್ಟೆ ಸದ್ದು ಮಾತ್ರ.

ಸಂಕ್ರಾಂತಿ ಕಳೆದ ವಾರ ನಾನೇ ಹೇಳಿದೆ, "ಅತ್ತೆ, ಹೊನ್ನಾವರಕ್ಕೆ ಹೋಗಿ ಬರೋಣ." ಬೇಡ ಅಂತಾರೆ ಅಂದುಕೊಂಡಿದ್ದೆ. ಸುಮ್ಮನೆ ಎದ್ದು ಹೋಗಿ ಚೀಲ ಹುಡುಕಿದರು! ಹಸುಗಳನ್ನು ಓರಗಿತ್ತಿಗೆ ಒಪ್ಪಿಸಿ, ಶನಿವಾರ ನಸುಕಿಗೇ ಹಳೇ ಕಾರಿನಲ್ಲಿ ಹೊರಟೆವು. ಚಳಿಗೆ ಸ್ವೆಟರ್, ತಲೆಗೆ ಶಾಲು. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ... ಗೇರುಸೊಪ್ಪೆ ಘಾಟಿ ಇಳಿಯುವಷ್ಟರಲ್ಲಿ ಸ್ವೆಟರ್ ಚೀಲ ಸೇರಿತು. ನಮ್ಮಲ್ಲಿ ಅವರೆಕಾಯಿ ಸುಲಿಯುವಾಗ ಬೆರಳು ಮರಗಟ್ಟುವ ದಿನಗಳಲ್ಲಿ ಅಲ್ಲಿ ಮಧ್ಯಾಹ್ನಕ್ಕೆ ಬೆವರು.

ಹೊಸ ವರ್ಷದ ಗದ್ದಲ ಮುಗಿದಿತ್ತು. ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವವರು ಹೊನ್ನಾವರದಲ್ಲಿ ಚಹಾ ಕುಡಿದು ಮುಂದಕ್ಕೆ ಹೋಗುತ್ತಾರೆ. ನಾವು ಉಳಿದುಕೊಂಡ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಂಜೆ ಶರಾವತಿ ಸೇತುವೆ ದಾಟಿ ಕಾಸರಕೋಡಿನ ಕಡಲತೀರಕ್ಕೆ ಹೋದೆವು. ಸ್ವಚ್ಛತೆ, ಸುರಕ್ಷತೆಗಾಗಿ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವದು. ಸರ್ವೆ ಮರಗಳ ಸುಯ್ ಅನ್ನೋ ಸದ್ದು, ಅಲ್ಲೊಬ್ಬರು ಇಲ್ಲೊಬ್ಬರು. ಅತ್ತೆ ಸೀರೆ ಸ್ವಲ್ಪ ಎತ್ತಿಕೊಂಡು ನೀರಿಗೆ ಇಳಿದರು. ಅಲೆ ಬಂದು ಕಾಲಡಿಯ ಮರಳು ಎಳೆದುಕೊಂಡು ಹೋದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಏನೂ ಮಾತಾಡಲಿಲ್ಲ. ಸೂರ್ಯ ಮುಳುಗಿದ ಮೇಲೆ "ರೋಡು ಮುಗೀತು, ಅಲ್ವೇನಮ್ಮ?" ಅಂದರು.

ಭಾನುವಾರ ಬೆಳಿಗ್ಗೆ ನದಿಯ ಮೇಲೆ ತೆಳ್ಳಗೆ ಮಂಜು. ಮನೆಯೊಡತಿ ಅಂಗಳದಲ್ಲಿ ಕಾಯಿ ಹೋಳು ಒಣಹಾಕುತ್ತಿದ್ದರು. ಅತ್ತೆಗೆ ಅಷ್ಟು ಸಾಕಾಯಿತು, ಪಕ್ಕದಲ್ಲೇ ಕೂತರು. "ಇದನ್ಯಾಕೆ ಒಡೆದ್ರಿ? ಅಟ್ಟಕ್ಕೆ ಹಾಕಲ್ವಾ?"

"ಅಟ್ಟಕ್ಕಾ? ನಮ್ಮ ಮಳೆಗೆ ಬೂಸು ಬರ್ತದೆ ಮಾರಾಯ್ರೆ. ಒಡೆದು ಬಿಸಿಲಿಗೆ ಹಾಕೂದು, ಎಣ್ಣೆ ಮಾಡ್ಸೂದು ಅಷ್ಟೇ."

ಕಾಯಿ ಒಂದೇ, ಕೊಬ್ಬರಿ ಎರಡು ಜಾತಿ. ಬೆಂಬಲ ಬೆಲೆಯೂ ಬೇರೆ ಬೇರೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582 ರೂಪಾಯಿ ಗೊತ್ತು ಮಾಡಿತ್ತು. ಯಜಮಾನರು ಈ ಲೆಕ್ಕ ಶುರುಮಾಡುವಷ್ಟರಲ್ಲಿ ಅತ್ತೆ ಒಳಗೆ ಹೋಗಿ ತಮ್ಮ ಚೀಲ ತಂದರು. ಅದ್ಯಾಕೆ ಅಷ್ಟು ಭಾರ ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಸೀರೆಯಲ್ಲಿ ಸುತ್ತಿದ್ದ ಒಂದು ಕಾಯಿ ತೆಗೆದರು. ಸಿಪ್ಪೆ ಸಮೇತ, ನಮ್ಮ ಅಟ್ಟದ್ದೇ!

ಸಮುದ್ರಕ್ಕೆ ಬಿಡಲು ತಂದಿದ್ದರೋ ಏನೋ, ನಾವು ಕೇಳಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಥೇಟ್ ಮಾವನವರ ಹಾಗೇ. ಮಗನ ಕೈಗೆ ಕೊಟ್ಟು "ಸುಲಿ" ಅಂದರು. ಇವರು ಸಿಪ್ಪೆ ಸುಲಿದು, ಕತ್ತಿಯ ಬೆನ್ನಿನಿಂದ ಸುತ್ತ ತಟ್ಟಿ ಚಿಪ್ಪು ಬಿಡಿಸಿದರು. ಗುಂಡಗೆ ಗಿಟಕು ಆಚೆ ಬಂತು, ಎಲ್ಲೂ ಬಿರುಕಿಲ್ಲ. ಮನೆಯೊಡತಿ ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. "ಎಷ್ಟು ಚಂದ ಉಂಟು! ಯಾರು ಒಣಗಿಸಿದ್ದು?"

"ನಮ್ಮ ಯಜಮಾನ್ರು" ಅಂದರು ಅತ್ತೆ. ಆಷಾಢದಿಂದೀಚೆಗೆ ಅವರ ಮಾತು ತಾವಾಗಿ ಎತ್ತಿದ್ದು ಅದೇ ಮೊದಲು. ಆಮೇಲೆ ಆ ಗಿಟಕನ್ನು ಒಡೆದು ಎಲ್ಲರಿಗೂ ಒಂದೊಂದು ಚೂರು ಕೊಟ್ಟು, ಬೆಲ್ಲ ಕೇಳಿದರು. ಮನೆಯೊಡತಿ ಜೋನಿ ಬೆಲ್ಲ ತಂದರು. ಅಂಗಳದಲ್ಲೇ ಕೂತು ತಿಂದೆವು. ಕೆಲಸವಿಲ್ಲ, ಅವಸರವಿಲ್ಲ. ಅತ್ತೆ ಅಲ್ಲಿನ ಬಾಗಿದ ಮರಗಳ ಗೊನೆ ಎಣಿಸುತ್ತಾ ಕೂತರು.

ಮಧ್ಯಾಹ್ನ ಹೊರಟೆವು. ಸಾಗರ ದಾಟುವವರೆಗೆ ಅತ್ತೆಗೆ ನಿದ್ದೆ. ಅರಸೀಕೆರೆಯಲ್ಲಿ ಚಳಿ ಮತ್ತೆ ಸಿಕ್ಕಿತು, ಶಾಲು ಹೊದಿಸಿದೆ. ಕಣ್ಣು ಬಿಡದೆಯೇ ಮಗನಿಗೆ ಹೇಳಿದರು, "ಕಾಯಿ ಸುಲಿಯೋರಿಗೆ ಹೇಳಪ್ಪ. ಇನ್ನೂ ಬಿಟ್ರೆ ಕೌಟಾಗ್ತವೆ. ನಿಮ್ಮಪ್ಪ ಇದ್ದಿದ್ರೆ ಬೈಯೋರು."

ಅಟ್ಟ ಈಗ ಖಾಲಿಯಾಗಿ, ಹೊಸ ಕಾಯಿ ಏರಿದೆ. ಈ ಸಲ ನಿಂತು ಏರಿಸಿದ್ದು ಅತ್ತೆ.